ನಾವು ನಡೆದ ದಾರಿಯಲ್ಲೇ ದಿಬ್ಬ ಹೋಗ್ತಿದೆ

ಮೇ 12, 2024, ಭಾನುವಾರ
ದಕ್ಷಿಣ ಗೋವಾ

ಬೆಳಿಗ್ಗೆ ಶಿಬಿರದ ಮಕ್ಕಳು ಏಳುವ ಮೊದಲೇ ದಂಡೆಗೆ ಹೋಗಿ ಬಂದೆ. ಅಮಾವಾಸ್ಯೆಯ ದೊಡ್ಡ ಉಬ್ಬರ ಈ ವಾರ ಬಂದು ಹೋಗಿದೆ. ಮಕ್ಕಳು ಈಜೋಕೆ ಇಳಿಯುವ ಜಾಗದಲ್ಲಿ ಮರಳು ಚಾಕುವಿನಿಂದ ಕೊಯ್ದ ಹಾಗೆ ನಿಂತಿದೆ, ನನ್ನ ಮೊಣಕಾಲಿನಷ್ಟು ಎತ್ತರ. ಕಾಲಿಟ್ಟರೆ ಅಂಚು ಕುಸಿಯುತ್ತೆ. ಮೇಲೆ ಗಾಳಿ ಮರದ ಬೇರುಗಳು ಜೋತು ಬಿದ್ದಿವೆ. ಬೇರಿಗಂಟಿದ ಮರಳು ಮುಟ್ಟಿ ನೋಡಿದೆ, ಇನ್ನೂ ಹಸಿ ಇತ್ತು.

ನಿನ್ನೆ ರಾತ್ರಿ ಊಟ ಆದ ಮೇಲೂ ಇದೇ ಮಾತು. ಶಿಬಿರ ನಡೆಸುವ ಹಿರಿಯರು "ಮಳೆಗಾಲಕ್ಕೆ ಮೊದಲೇ ಕಲ್ಲು ಹಾಕಿಸಿಬಿಡೋಣಮ್ಮ, ವರ್ಷಾ ವರ್ಷಾ ಈ ಚಿಂತೆ ಯಾಕೆ" ಅಂದರು. ಅವರ ಕಳಕಳಿ ನನಗೆ ಅರ್ಥ ಆಗುತ್ತೆ. ಆದರೆ ನಾನು ಹೊನ್ನಾವರದ ಕಡೆಯವಳು, ಕಡಲ್ಕೊರೆತಕ್ಕೆ ಕಲ್ಲು ಸುರಿಯೋದನ್ನು ನೋಡುತ್ತಲೇ ಬೆಳೆದವಳು. ಅಲೆ ಕಲ್ಲಿಗೆ ಬಡಿದು ವಾಪಸ್ ಹೋಗುವಾಗ ಗೋಡೆಯ ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತೆ, ಬುಡ ಆಳವಾಗುತ್ತೆ, ಕಲ್ಲು ಜಾರುತ್ತೆ, ಮತ್ತೆ ಕಲ್ಲು ಬೇಕು. ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿ ಕೊರೆತ ಇನ್ನೂ ಜಾಸ್ತಿ. ನಮ್ಮ ಪಕ್ಕದಲ್ಲೇ ಮೀನುಗಾರರ ದೋಣಿ ನಿಲ್ಲುತ್ತವೆ, ಅವರ ಜಾಗ ಹೋಗಬೇಕಾ? ಪಾಚಿಗಟ್ಟಿದ ಕಲ್ಲು, ಅದರ ಬುಡದಲ್ಲೇ ಆಳದ ನೀರು. ಅಲ್ಲಿ ಎಂಟು ವರ್ಷದ ಮಗುವನ್ನು ಇಳಿಸೋಕೆ ಆಗಲ್ಲ.

ಮಳೆಗಾಲದಲ್ಲಿ ದಂಡೆ ತೆಳ್ಳಗಾಗೋದು ಸಹಜ. ಆ ಮರಳು ಹೆಚ್ಚು ದೂರ ಹೋಗಲ್ಲ, ಸ್ವಲ್ಪ ಆಚೆ ನೀರೊಳಗೆ ದಿಣ್ಣೆಯಾಗಿ ಕೂರುತ್ತೆ, ದೊಡ್ಡ ಅಲೆಗಳು ಅಲ್ಲೇ ಒಡೆಯುತ್ತವೆ. ಅಕ್ಟೋಬರ್ ನಂತರ ಅಲೆ ಮೆತ್ತಗಾದಾಗ ನಿಧಾನಕ್ಕೆ ವಾಪಸ್ ಬರುತ್ತೆ. ಈ ಲೆಕ್ಕ ಸರಿಯಾಗಿ ನಡೀಬೇಕಾದರೆ ದಂಡೆಯ ಹಿಂದಿನ ಮರಳು ದಿಬ್ಬ ಗಟ್ಟಿ ಇರಬೇಕು. ನಮ್ಮಲ್ಲಿ ತೊಂದರೆ ಆಗಿರೋದು ಆ ದಿಬ್ಬಕ್ಕೇ.

ಅದಕ್ಕೆ ಸಮುದ್ರ ಒಂದೇ ಕಾರಣ ಅಲ್ಲ. ಸ್ನಾನದ ಕೋಣೆಯಿಂದ ನೀರಿನವರೆಗೆ ದಿಬ್ಬ ಸೀಳಿಕೊಂಡು ನೇರ ದಾರಿ ಮಾಡಿದ್ದೇವೆ. ಮೊದಲು ಒಬ್ಬರು ನಡೆಯುವಷ್ಟಿತ್ತು, ಈಗ ಜೀಪು ಹೋಗುವಷ್ಟಾಗಿದೆ. ತುಳಿದ ಕಡೆ ಬಳ್ಳಿ ಸತ್ತಿದೆ. ಮಧ್ಯಾಹ್ನದ ಕಡಲ ಗಾಳಿ ಆ ಸಂದಿಯಲ್ಲಿ ನುಗ್ಗಿ ಒಣ ಮರಳನ್ನು ಊಟದ ಹಾಲ್‌ವರೆಗೂ ತರುತ್ತೆ. ನಾವು ದಿನಾ ಸಂಜೆ ಗುಡಿಸಿ ಹಿತ್ತಿಲಿಗೆ ಎಸೀತೀವಿ. ಎಸೀತಿರೋದು ದಿಬ್ಬವನ್ನೇ ಅಂತ ಇವತ್ತು ಪೊರಕೆ ಹಿಡಿದಾಗ ಹೊಳೆದು ಹೊಟ್ಟೆಯೊಳಗೆ ಸಂಕಟ ಆಯ್ತು. ಮಕ್ಕಳು ಮೈ ತೊಳೆಯುವ ನಲ್ಲಿಯ ನೀರೂ ಅದೇ ದಾರಿಯಲ್ಲಿ ಕಾಲುವೆ ಕೊರೆದುಕೊಂಡು ಹರೀತಿದೆ.

ಆಚೀಚೆ ಯಾರೂ ತುಳಿಯದ ಕಡೆ ನೋಡಿ. ನೇರಳೆ ಹೂವಿನ ಬಳ್ಳಿ, ಆಡಿನ ಗೊರಸಿನ ಹಾಗೆ ಸೀಳಿದ ಎಲೆ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದುಕೊಂಡಿದೆ. ಜೊತೆಗೆ ರಾವಣನ ಮೀಸೆ ಅನ್ನೋ ಮುಳ್ಳು ಹುಲ್ಲು. ಮರಳು ಮುಚ್ಚಿದಷ್ಟೂ ಇವು ಮೇಲೆ ಬರುತ್ತವೆ. ಗಾಳಿ ಮರದ ನೆರಳಲ್ಲಿ ಮಾತ್ರ ಈ ಬಳ್ಳಿ ಸರಿಯಾಗಿ ಬರಲ್ಲ.

ಹಿರಿಯರನ್ನು ಕರೆದುಕೊಂಡು ಹೋಗಿ ತುಳಿದ ದಾರಿ, ತುಳಿಯದ ದಿಬ್ಬ ಎರಡೂ ತೋರಿಸಿದೆ. ತುಂಬಾ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ "ಸರಿ, ನಲ್ಲಿ ಹಿಂದಕ್ಕೆ ಹಾಕಿಸ್ತೀನಿ" ಅಂದರು. ಹಳೇ ದಾರಿ ಮುಚ್ಚಿ, ಗಾಳಿಗೆ ಓರೆಯಾಗಿ ಹೊಸ ಕಾಲುದಾರಿ ಬಿಡಬೇಕು. ಮುಚ್ಚಿದ ಕಡೆ ತೆಂಗಿನ ಮಡಲಿನ ಬೇಲಿ, ಅರ್ಧದಷ್ಟು ಸಂದಿ ಬಿಟ್ಟು. ಪೂರ್ತಿ ಮುಚ್ಚಿದರೆ ಗಾಳಿ ಸುತ್ತಿ ಹೊಡೆದು ಬುಡ ಕೊರೆಯುತ್ತೆ, ಸಂದಿ ಇದ್ದರೆ ಗಾಳಿ ಸುಸ್ತಾಗಿ ಮರಳನ್ನು ಅಲ್ಲೇ ಬಿಡುತ್ತೆ. ಮಳೆಗಾಲದಲ್ಲಿ ಮರಳು ಒದ್ದೆ, ಹಾರಲ್ಲ, ಹಾಗಾಗಿ ಬೇಲಿಯ ನಿಜವಾದ ಕೆಲಸ ನವೆಂಬರ್‌ನಿಂದ. ಬಳ್ಳಿಯ ತುಂಡು ನೆಡೋದು ಜೂನ್ ಮೊದಲ ಮಳೆಗೆ. ಮರಳು ದಿಬ್ಬ ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಹೆಚ್ಚು ರಕ್ಷಣೆಯ ಮೊದಲ ದರ್ಜೆಗೆ ಬರುತ್ತೆ, ಬೇಲಿಗೂ ಕೇಳಿಯೇ ಕೈ ಹಾಕಬೇಕು. ಅರ್ಜಿ ನಾನೇ ಬರೀತೀನಿ.

ಸಂಜೆ ವಾಸ್ಕೋದ ಪುಟ್ಟ ಹುಡುಗಿಯೊಬ್ಬಳು ಬಳ್ಳಿ ಎತ್ತಿ ನೋಡಿ, "ಅಕ್ಕಾ, ಇದಕ್ಕೆ ಎಷ್ಟು ಕಾಲು!" ಅಂದಳು. ಎಣಿಸಿದೆವು. ಒಂದು ಮಾರು ಬಳ್ಳಿಯಲ್ಲಿ ಹದಿನಾಲ್ಕು ಕಡೆ ಬೇರು. ಮೆಲ್ಲಗೆ ವಾಪಸ್ ಮಲಗಿಸಿ ಮರಳು ಮುಚ್ಚಿದಳು. ಊಟದ ಹಾಲ್ ಬಾಗಿಲಲ್ಲಿ ಈಗ ಒಂದು ಬಕೆಟ್ ಇಟ್ಟಿದ್ದೇನೆ. ಗುಡಿಸಿದ ಮರಳು ಅದಕ್ಕೆ, ಅಲ್ಲಿಂದ ದಿಬ್ಬಕ್ಕೆ. ಇವತ್ತು ಎರಡು ಬಕೆಟ್ ತುಂಬಿತು.