ಎಡಗೈ ಹಿಸುಕಿದರೆ ಬಲಗೈಯೂ ಮಡಚುತ್ತದೆ

ಮಗಳು ಎಡಗೈಯಲ್ಲಿ ಚಪಾತಿ ಹಿಟ್ಟು ಹಿಸುಕುತ್ತಾಳೆ. ತೊಡೆ ಮೇಲೆ ಸುಮ್ನೆ ಬಿದ್ದಿದ್ದ ಬಲಗೈಯ ಬೆರಳುಗಳೂ ಹಾಗೇ ಮಡಚಿಕೊಳ್ಳುತ್ತವೆ. ಅವಳಿಗೀಗ ಏಳು ವರ್ಷ. ಹುಟ್ಟುವ ಹೊತ್ತಿಗೆ ಮೆದುಳಿನ ಎಡಭಾಗಕ್ಕೆ ರಕ್ತ ಹೋಗದೆ ಪೆಟ್ಟಾಗಿತ್ತು, ಅದರಿಂದಲೇ ಬಲಗಡೆಯ ಸೆರೆಬ್ರಲ್ ಪಾಲ್ಸಿ, ಅಂದರೆ ಆ ಬದಿಯ ಚಲನೆ ಸರಿಯಾಗಿ ಹಿಡಿತಕ್ಕೆ ಸಿಗದ ಸ್ಥಿತಿ. ತುಂಬಾ ದಿನ ನಾನು ಇದನ್ನು ಆಟ ಅಂದುಕೊಂಡು "ಆ ಕೈ ಸುಮ್ನಿಡು" ಅಂತ ಗದರಿದ್ದೇನೆ. ಗದರಬಾರದಿತ್ತು.

ಹಸುಗೂಸಿನ ಮೆದುಳಿನ ಎರಡೂ ಅರ್ಧಗಳಿಂದ ಎರಡೂ ಕೈಗಳಿಗೆ ನರದ ದಾರಿ ಇರುತ್ತದೆ. ಬೆಳೆಯುತ್ತಾ ಎದುರು ಬದಿಗೆ ದಾಟುವ ದಾರಿ ಗಟ್ಟಿಯಾಗುತ್ತದೆ, ಅದೇ ಬದಿಯದು ಬಹುಪಾಲು ಹಿಂದೆ ಸರಿಯುತ್ತದೆ. ಆದರೆ ಒಂದು ಅರ್ಧಕ್ಕೆ ಚಿಕ್ಕಂದಿನಲ್ಲೇ ಪೆಟ್ಟಾದರೆ ಕೆಲವು ಮಕ್ಕಳಲ್ಲಿ ಇನ್ನೊಂದು ಅರ್ಧ ಆ ಹಳೇ ದಾರಿಯನ್ನು ಬಿಡುವುದೇ ಇಲ್ಲ, ಎರಡೂ ಕೈಗಳ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಅಂಥ ಮಕ್ಕಳ ತಲೆಯ ಪೆಟ್ಟಾಗದ ಬದಿಗೆ ಹೊರಗಿನಿಂದ ಆಯಸ್ಕಾಂತದ ಮಿಡಿತ ಕೊಟ್ಟರೆ ಎರಡೂ ಕೈಗಳ ಸ್ನಾಯು ಮಿಡಿಯುತ್ತವೆ! ಮಗಳಿಗೂ ಹೀಗೇ ಆಗಿರಬೇಕು ಅಂತ ಡಾಕ್ಟರು ಹೇಳಿದಾಗ ನನಗೆ ಅಳು ಬಂತು. ಗದರಿದ್ದೆಲ್ಲ ನೆನಪಾಯಿತು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಮಾತು. ಕೈ ಆಡಿಸುವ ಕೆಲಸ ಹೀಗೆ ಬದಿ ಬದಲಿಸಬಹುದು, ಆದರೆ ಮುಟ್ಟಿದ್ದು ಗೊತ್ತಾಗುವ ದಾರಿ ಸಾಮಾನ್ಯವಾಗಿ ಪೆಟ್ಟಾದ ಬದಿಯಲ್ಲೇ ಉಳಿಯುತ್ತದೆ. ಅಂದರೆ ಬಲಗೈಗೆ ಅಪ್ಪಣೆ ಹೋಗುವುದು ಬಲ ಮೆದುಳಿನಿಂದ, ಆ ಕೈ ಮುಟ್ಟಿದ ಸುದ್ದಿ ಬಂದು ಸೇರುವುದು ಎಡ ಮೆದುಳಿಗೆ, ಅದೂ ಗಾಯಗೊಂಡ ದಾರಿಯಲ್ಲಿ ಅರೆಬರೆಯಾಗಿ. ಅಪ್ಪಣೆ, ಸುದ್ದಿ ಎರಡೂ ಮೆದುಳಿನ ಒಂದೇ ಬದಿಯಲ್ಲಿ ಪಕ್ಕಪಕ್ಕದಲ್ಲೇ ಇರುವ ಮಕ್ಕಳಿಗೆ ಕೈ ತಾನಾಗಿ ಕಲಿಯುತ್ತದೆ, ಇವಳಿಗೆ ಪ್ರತಿ ಸಲವೂ ಅಷ್ಟು ದೂರದ ಮಾತುಕತೆ ನಡೆಯಬೇಕು ಅಲ್ವಾ?

ನಮ್ಮ ಎಂಆರ್‌ಐ ಫಿಲ್ಮಿನಲ್ಲಿ ಕಾಣುವುದು ಗಾಯದ ಕಲೆ ಮಾತ್ರ. ನರದ ಎಳೆಗಳ ಉದ್ದಕ್ಕೂ ನೀರಿನ ಕಣ ಹೇಗೆ ಹರಿಯುತ್ತದೆ ಅಂತ ಅಳೆದು ದಾರಿಗಳ ನಕ್ಷೆ ಬಿಡಿಸುವ ಸ್ಕ್ಯಾನೂ ಇದೆ, ಸಂಶೋಧಕರು ಈ ಮಕ್ಕಳಲ್ಲಿ ಅದನ್ನು ಬಳಸುತ್ತಾರೆ. ಕಲೆ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಯಾವುದು ಯಾವುದಕ್ಕೆ ಸೇರಿದೆ ಅನ್ನುವುದನ್ನೂ ತಾಯಂದಿರಿಗೆ ಯಾರಾದರೂ ಮೊದಲೇ ಕೂರಿಸಿ ಹೇಳಬೇಕು.

ಈಗ ಫಿಸಿಯೋ ಜೊತೆಗೆ ದಿನಾ ಸಂಜೆ ರಾಗಿ ತುಂಬಿದ ಡಬ್ಬಿ ಇಡುತ್ತೇನೆ. ಕಣ್ಣು ಮುಚ್ಚಿ, ಬಲಗೈ ಹಾಕಿ, ಒಳಗಿರುವುದು ನಾಣ್ಯವೋ ಗುಂಡಿಯೋ ಹೇಳಬೇಕು. ನಿನ್ನೆ ತುಂಬಾ ಹೊತ್ತು ತಡಕಿ "ಗುಂಡಿ, ತೂತು ಇದೆ" ಅಂದಳು. ಸರಿಯಾಗಿತ್ತು.