ನಾಲ್ಕು ಸ್ಯಾಕ್ಸೊಫೋನು, ಒಂದೇ ಉಸಿರು

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಅಮೆರಿಕದ ವುಡಿ ಹರ್ಮನ್ ಅವರ ಜಾಝ್ ಬ್ಯಾಂಡಿನ ‘ಫೋರ್ ಬ್ರದರ್ಸ್’ ಹಾಕಿಕೊಂಡಿದ್ದೆ. ಶುರುವಾದ ಕೂಡಲೇ ನಲ್ಲಿ ನಿಲ್ಲಿಸಿಬಿಟ್ಟೆ. ಮೂರು ಟೆನರ್, ಅದಕ್ಕಿಂತ ತಗ್ಗಿನ ದನಿಯ ಒಂದು ಬ್ಯಾರಿಟೋನ್. ನಾಲ್ಕೂ ಸ್ಯಾಕ್ಸೊಫೋನುಗಳು ಭುಜಕ್ಕೆ ಭುಜ ತಾಗಿಸಿಕೊಂಡು ಓಡುತ್ತವೆ. ಆಮೇಲೆ ಒಬ್ಬೊಬ್ಬರೇ ಮುಂದೆ ಬರುತ್ತಾರೆ. ಜೂಟ್ ಸಿಮ್ಸ್, ಸರ್ಜ್ ಶಾಲೋಫ್, ಹರ್ಬಿ ಸ್ಟೂವರ್ಡ್, ಕೊನೆಗೆ ಸ್ಟ್ಯಾನ್ ಗೆಟ್ಜ್. ಅಬ್ಬಾ, ಎಷ್ಟು ಹಗುರ!

ಇದು ರೆಕಾರ್ಡ್ ಆಗಿದ್ದು 1947ರ ಡಿಸೆಂಬರ್‌ನಲ್ಲಿ. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ಅಮೆರಿಕದಲ್ಲಿ ದೊಡ್ಡ ಬ್ಯಾಂಡ್‌ಗಳು ಸಾಲುಸಾಲಾಗಿ ಮುಚ್ಚಿದ್ದವು. ಹರ್ಮನ್ ಅವರ ಹಿಂದಿನ ಬ್ಯಾಂಡ್ ಕೂಡ. ಹೊಸ ಹುಡುಗರಿಗೆ ಬೀಬಾಪ್ ಅನ್ನೋ ಹೊಸ ಬಗೆಯ ಜಾಝ್ ಹುಚ್ಚು. ಸಣ್ಣ ಕ್ಲಬ್, ನಾಲ್ಕೈದು ಜನ, ಕುಣಿಯೋಕೆ ಆಗದಷ್ಟು ವೇಗ. ಹರ್ಮನ್ ಆ ಹುಡುಗರನ್ನು ಬೈಯುತ್ತಾ ಕೂರಲಿಲ್ಲ. ಕರೆದು ಹೊಸ ಬ್ಯಾಂಡಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ‘ಫೋರ್ ಬ್ರದರ್ಸ್’ ರಚಿಸಿದ ಜಿಮ್ಮಿ ಜುಫ್ರಿ ಬೀಬಾಪ್‌ನ ಆ ತಿರುವುಗಳನ್ನೇ ಸ್ಯಾಕ್ಸೊಫೋನುಗಳ ಇಡೀ ಸಾಲಿಗೆ ಹೆಣೆದು ಬರೆದುಕೊಟ್ಟರು. ನನಗೆ ಇದೇ ತುಂಬ ಇಷ್ಟ. ಒಬ್ಬನ ಚುರುಕುತನವನ್ನು ನಾಲ್ವರು ಒಟ್ಟಿಗೆ ನುಡಿಸೋದು ಸುಮ್ನೆ ಅಲ್ಲ, ಅಲ್ವಾ?

ಬೇರೆ ದೊಡ್ಡ ಬ್ಯಾಂಡ್ ನಾಯಕರಲ್ಲಿ ಬೆನ್ನಿ ಗುಡ್‌ಮನ್ ಕೂಡ ಸ್ವಲ್ಪ ದಿನ ಬೀಬಾಪ್ ಬ್ಯಾಂಡ್ ನಡೆಸಿ ಬಿಟ್ಟರು. ಕೌಂಟ್ ಬೇಸಿ 1950ರಲ್ಲಿ ಬ್ಯಾಂಡ್ ಮುಚ್ಚಿ ಸಣ್ಣ ತಂಡ ಕಟ್ಟಿದರು. 1952ರಲ್ಲಿ ಮತ್ತೆ ದೊಡ್ಡದು ಮಾಡಿದರು.

ಹರ್ಮನ್ ಅವರ ಈ ಬ್ಯಾಂಡ್ ಮಾತ್ರ 1949ರ ಕೊನೆಗೆ ನಿಂತಿತು. ಬೇಜಾರಾಗುತ್ತದೆ. ಪಾತ್ರೆ ಹಾಗೇ ಬಿಟ್ಟು ಇನ್ನೊಮ್ಮೆ ಕೇಳಿದೆ.