ಒಂದೇ ಪಾಯಿಂಟ್ ತಗೊಂಡು ಡ್ರಾ ಮಾಡ್ಕೊಬಾರದಿತ್ತಾ?

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹಳೇ ಪತ್ರಿಕೆಯ ಒಂದು ಪುಟಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಕಾಗದ ಹಳದಿಯಾಗಿದೆ. ಅದರ ಮೇಲೆ ದಪ್ಪಕ್ಕೆ ಕಾಣುವುದು 31-30 ಅನ್ನೋ ಅಂಕಿ, 1984ರಲ್ಲಿ ನೆಬ್ರಾಸ್ಕಾದ ಕಾಲೇಜು ತಂಡ ಆಡಿದ ಆರೆಂಜ್ ಬೌಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಮ್ಯಾಚಿನ ಸ್ಕೋರ್. ಇಲ್ಲಿ ಅಂದರೆ ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ ಅದನ್ನು ನೋಡಿದವರು ಏನೂ ಕೇಳುವುದಿಲ್ಲ, ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾರೆ. ಕೇಳುವವರು ನಮ್ಮವರು. ದಾವಣಗೆರೆಯಿಂದ ಬಂದ ಭಾವ, ಓಮಾಹಾದ ಯುಗಾದಿ ಊಟದಲ್ಲಿ ಪರಿಚಯವಾದ ಹೊಸ ಹುಡುಗರು, ಎಲ್ಲರದ್ದೂ ಮೊದಲು ಒಂದೇ ಮಾತು: "ಗೆದ್ದಿದ್ದಾ?" ಅಲ್ಲ, ಸೋತಿದ್ದು. "ಸೋತಿದ್ದನ್ನ ಯಾರಾದ್ರೂ ಫ್ರೇಮ್ ಹಾಕಿಸ್ತಾರೇನೋ ಮಾರಾಯ?" ಆಮೇಲೆ ಕಥೆ ಹೇಳುತ್ತೇನೆ. ಕಥೆ ಮುಗಿಯುತ್ತಲೇ ನಿಜವಾದ ಪ್ರಶ್ನೆ ಬರುತ್ತದೆ: "ಅಲ್ಲಾ, ಒಂದೇ ಪಾಯಿಂಟ್ ತಗೊಂಡು ಡ್ರಾ ಮಾಡ್ಕೊಬಾರದಿತ್ತಾ?"

ಇಷ್ಟು ವರ್ಷ ಬಾಯಿಗೆ ಬಂದ ಉತ್ತರ ಕೊಟ್ಟಿದ್ದೇನೆ. ಈಗ ಒಂದು ಸಲ ಕೂತು ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ಆಟ ಗೊತ್ತಿಲ್ಲದವರಿಗೆ ಮೊದಲು ಲೆಕ್ಕ. ಇದು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ್ದು. ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದರೆ ಟಚ್‌ಡೌನ್, 6 ಪಾಯಿಂಟ್. ಅದರ ಬೆನ್ನಿಗೇ ಒಂದು ಕೊಸರು ಸಿಗುತ್ತದೆ. ಚೆಂಡನ್ನು ಕಂಬಗಳ ನಡುವೆ ಒದ್ದರೆ 1. ಅದು ಹೆಚ್ಚುಕಡಿಮೆ ಗ್ಯಾರಂಟಿ. ಬೇಡ ಅನ್ನಿಸಿದರೆ 3 ಗಜದಿಂದ ಇನ್ನೊಮ್ಮೆ ಓಡಿಯೋ, ಪಾಸ್ ಕೊಟ್ಟೋ ಗೆರೆ ದಾಟಿಸಬೇಕು. ಆಗ 2. ದಾಟದಿದ್ದರೆ ಸೊನ್ನೆ.

ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಚಳಿಗಾಲದಲ್ಲಿ ನಡೆಯುವ ಒಂದೊಂದೇ ದೊಡ್ಡ ಮ್ಯಾಚ್. ಆ ಕಾಲಕ್ಕೆ ಪಸಾಡೆನಾದಲ್ಲಿ ರೋಸ್, ಡಲ್ಲಾಸ್‌ನಲ್ಲಿ ಕಾಟನ್, ಮಯಾಮಿಯಲ್ಲಿ ಆರೆಂಜ್. ಆಗ ಸೆಮಿಫೈನಲ್ಲೂ ಇಲ್ಲ, ಫೈನಲ್ಲೂ ಇಲ್ಲ. ಬೌಲ್‌ಗಳೆಲ್ಲ ಮುಗಿದ ಮೇಲೆ ಪತ್ರಕರ್ತರು ಒಂದು ಕಡೆ, ಕೋಚ್‌ಗಳು ಇನ್ನೊಂದು ಕಡೆ ವೋಟು ಹಾಕಿ ದೇಶದ ಚಾಂಪಿಯನ್ ಯಾರು ಅಂತ ಹೇಳುತ್ತಿದ್ದರು. ಬೌಲ್‌ನಲ್ಲಿ ಸಮ ಆದರೆ ಸಮವೇ, ಹೆಚ್ಚುವರಿ ಸಮಯ ಅನ್ನೋದು ಇರಲಿಲ್ಲ.

ಇನ್ನು ತಂಡದ ವಿಷಯ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹುಡುಗರಿಗೆ ಕಾರ್ನ್‌ಹಸ್ಕರ್ಸ್ ಅಂತ ಹೆಸರು, ಅಂದರೆ ಮೆಕ್ಕೆಜೋಳದ ತೆನೆ ಸುಲಿಯುವವರು. ನಾನು ಈ ತಂಡಕ್ಕೆ ಒಲಿದಿದ್ದೇ ಆ ಹೆಸರಿಗೆ. ನಮ್ಮ ಅಜ್ಜಿ ಕಣದಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನು ಹೆಸರಾಗಿ ಇಟ್ಟುಕೊಂಡ ಇನ್ನೊಂದು ತಂಡ ಯಾವ ದೇಶದಲ್ಲಿದೆ ಹೇಳಿ. 1962ರ ನವೆಂಬರಿನಿಂದ ಇವರ ಸ್ಟೇಡಿಯಂನಲ್ಲಿ ಪ್ರತಿ ಮ್ಯಾಚಿನ ಟಿಕೆಟ್ಟೂ ಖಾಲಿ. ಮ್ಯಾಚ್ ಇರುವ ಶನಿವಾರ ಆ ಸ್ಟೇಡಿಯಂ ಒಂದೇ ರಾಜ್ಯದ ಮೂರನೇ ದೊಡ್ಡ ಊರಾಗುತ್ತದೆ ಅಂತ ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಉತ್ಪ್ರೇಕ್ಷೆ ಅಂದುಕೊಂಡಿದ್ದೆ, ಜನಸಂಖ್ಯೆಯ ಪಟ್ಟಿ ನೋಡಿದೆ, ನಿಜವೇ.

1983ರ ತಂಡವಂತೂ ದೈತ್ಯ. ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟರ್ನರ್ ಗಿಲ್, ಕಾಲೇಜು ಆಟಗಾರರಲ್ಲಿ ಅತ್ಯುತ್ತಮನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು ಆ ವರ್ಷ ಗೆದ್ದ ಓಟಗಾರ ಮೈಕ್ ರೋಜಿಯರ್, ಪಾಸ್ ಹಿಡಿಯಲು ಇರ್ವಿಂಗ್ ಫ್ರೈಯರ್. ಆಡಿದ 12ರಲ್ಲಿ 12 ಗೆಲುವು, ಮ್ಯಾಚಿಗೆ ಸರಾಸರಿ 52 ಪಾಯಿಂಟ್. ಮಿನೆಸೊಟಾಗೆ ಅವರ ಊರಿಗೇ ಹೋಗಿ 84 ಹೊಡೆದು ಬಂದಿದ್ದರು. ಕೋಚ್ ಟಾಮ್ ಆಸ್ಬೋರ್ನ್ 1973ರಿಂದ ತಂಡ ನಡೆಸುತ್ತಿದ್ದರು, ಅಲ್ಲಿಯವರೆಗೆ ಒಂದೂ ಚಾಂಪಿಯನ್ ಪಟ್ಟ ಸಿಕ್ಕಿರಲಿಲ್ಲ.

1984ರ ಜನವರಿ 2ರ ರಾತ್ರಿ ಆರೆಂಜ್ ಬೌಲ್. ಎದುರಿಗೆ ಮಯಾಮಿ, ಅದೂ ಅವರ ಸ್ವಂತ ಮೈದಾನದಲ್ಲಿ. ಕಣ್ಣು ಬಿಡುವಷ್ಟರಲ್ಲಿ 17-0. ಬರ್ನಿ ಕೋಸಾರ್ ಅನ್ನೋ ಮೊದಲ ವರ್ಷದ ಹುಡುಗ ಪಾಸ್ ಮೇಲೆ ಪಾಸ್ ಎಸೆದು ನೆಬ್ರಾಸ್ಕಾದ ಡಿಫೆನ್ಸ್ ಅನ್ನು ಹರಿದು ಹಾಕಿದ. ಆಗ ಆಸ್ಬೋರ್ನ್ ಒಂದು ಕಿಲಾಡಿತನ ಮಾಡಿದರು. ಗಿಲ್ ಚೆಂಡನ್ನು ಬೇಕೆಂದೇ ನೆಲದ ಮೇಲೆ ಬಿಟ್ಟು ತಾನು ಒಂದು ಕಡೆ ಓಡಿದ. ಎಲ್ಲರೂ ಅವನ ಹಿಂದೆ. ಈ ಕಡೆ ಡೀನ್ ಸ್ಟೈನ್‌ಕೂಲರ್ ಅನ್ನೋ ಭಾರೀ ಆಳು, ಇಡೀ ಸೀಸನ್ ಇತರರಿಗೆ ದಾರಿ ಬಿಡಿಸುವುದಷ್ಟೇ ಕೆಲಸ ಆಗಿದ್ದವನು, ಬಿದ್ದ ಚೆಂಡನ್ನು ಎತ್ತಿಕೊಂಡು ಇನ್ನೊಂದು ಕಡೆ 19 ಗಜ ಓಡಿ ಗೆರೆ ದಾಟಿದ. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಬಡ್ಡಿಯಲ್ಲಿ ಮೂಲೆ ಹಿಡಿದು ನಿಲ್ಲುವವನು ಒಂದು ಸಲ ರೈಡಿಗೆ ಹೋಗಿ ಮೂವರನ್ನು ಮುಟ್ಟಿ ಬಂದಂತೆ.

ಮೂರನೇ ಕ್ವಾರ್ಟರಿನಲ್ಲಿ 17-17. ಮಯಾಮಿ ಮತ್ತೆ ಮುಂದೆ ಓಡಿತು, 31-17. ರೋಜಿಯರ್ ಕಾಲಿನ ಹರಡಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತ. ಅವನ ಬದಲಿಗೆ ಬಂದವನು ಜೆಫ್ ಸ್ಮಿತ್. ಕೊನೆಗೆ ಸುಮಾರು 7 ನಿಮಿಷ ಇರುವಾಗ ಸ್ಮಿತ್ ಟಚ್‌ಡೌನ್ ಮಾಡಿದ, ಒಂದು ಪಾಯಿಂಟಿಗೆ ಒದ್ದರು, 31-24. (ಈ ಒದೆತವನ್ನು ನೆನಪಿಟ್ಟುಕೊಳ್ಳಿ, ಇದಕ್ಕೇ ವಾಪಸ್ ಬರುತ್ತೇನೆ.) ಕೊನೇ ನಿಮಿಷದಲ್ಲಿ ಮತ್ತೆ ನುಗ್ಗಿದರು. ಫ್ರೈಯರ್ ಗೆರೆಯಾಚೆ ಕೈಗೆ ಬಂದ ಪಾಸನ್ನು ಚೆಲ್ಲಿದ. ನಾಲ್ಕನೇ ಹಾಗೂ ಕೊನೇ ಅವಕಾಶ, ಚೆಂಡು ತಮ್ಮ ಕೈಯಲ್ಲೇ ಉಳಿಯಲು ಬೇಕಾದದ್ದು 8 ಗಜ. ಗಿಲ್ ಪಕ್ಕಕ್ಕೆ ಎಸೆದ ಚೆಂಡನ್ನು ಹಿಡಿದು ಸ್ಮಿತ್ 24 ಗಜ ಓಡಿಯೇಬಿಟ್ಟ. 31-30. ಉಳಿದದ್ದು 48 ಸೆಕೆಂಡ್.

ಅದೇ ದಿನ ಮಧ್ಯಾಹ್ನ ವೋಟಿನ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದ ಟೆಕ್ಸಸ್, ಜಾರ್ಜಿಯಾ ಎದುರು 10-9ರಲ್ಲಿ ಬಿದ್ದಾಗಿತ್ತು. ಅಂದರೆ ಒಂದು ಒದೆತ ಒದ್ದು 31-31 ಮಾಡಿಕೊಂಡಿದ್ದರೆ ದೊಡ್ಡ ತಂಡಗಳಲ್ಲಿ ಸೋಲೇ ಕಾಣದ್ದು ನೆಬ್ರಾಸ್ಕಾ ಒಂದೇ, ವೋಟು ಹೆಚ್ಚುಕಡಿಮೆ ಜೇಬಿನಲ್ಲಿ. ಆಸ್ಬೋರ್ನ್ ಒದೆಯಲು ಕಳಿಸಲಿಲ್ಲ. ಗಿಲ್ ಬಲಕ್ಕೆ ಸರಿದು ಸ್ಮಿತ್ ಕಡೆ ಎಸೆದ. ನಡುವೆ ಕೆನ್ ಕ್ಯಾಲ್ಹೂನ್ ಅನ್ನೋ ಮಯಾಮಿ ಹುಡುಗ ಕೈ ಚಾಚಿದ. ಚೆಂಡಿಗೆ ಬೆರಳು ತಾಗಿತು, ದಿಕ್ಕು ತಪ್ಪಿ ನೆಲಕ್ಕೆ ಬಿತ್ತು. ಮಯಾಮಿ ಚಾಂಪಿಯನ್, ನೆಬ್ರಾಸ್ಕಾ ಎರಡನೆಯದು.

ಭಾವ ಇಲ್ಲಿಗೆ ತಲೆ ಚಚ್ಚಿಕೊಳ್ಳುತ್ತಾನೆ. ಕೈಗೆ ಬಂದ ತುತ್ತು!

ಗೆಲ್ಲೋಕೆ ಬಂದಿದ್ದೆವು, ಸಮ ಮಾಡಿಕೊಳ್ಳೋಕಲ್ಲ ಅನ್ನುವುದು ಆಸ್ಬೋರ್ನ್ ನಿಲುವು. ಇಲ್ಲಿಯವರು ಆ ಮಾತನ್ನು ಶಾಸನದ ಥರ ಕಾಪಾಡಿಕೊಂಡು ಬಂದಿದ್ದಾರೆ. ಜನ ಆತನನ್ನು ಆಮೇಲೆ ಮೂರು ಸಲ ಸಂಸತ್ತಿಗೂ ಕಳಿಸಿದರು. ನನಗೂ ಮೊದಲ ಕೆಲವು ವರ್ಷ ಅದೇ ಉತ್ತರ ಸಾಕಾಗಿತ್ತು. ಭಾವ ಒಪ್ಪಲಿಲ್ಲ. "ಮರ್ಯಾದೆ ಊಟ ಹಾಕ್ತದಾ?" ಅಂದ. ಅವನ ಮಾತಿನಲ್ಲೂ ಹುರುಳಿದೆ. 1966ರಲ್ಲಿ ನೋಟರ್ ಡೇಮ್ ತಂಡ ಮಿಷಿಗನ್ ಸ್ಟೇಟ್ ಎದುರು 10-10 ಇರುವಾಗ ಕೊನೆಯ ನಿಮಿಷಗಳಲ್ಲಿ ಗೆಲ್ಲಲು ನುಗ್ಗದೆ ಸಮಯ ಕಳೆದು ಡ್ರಾ ಮಾಡಿಕೊಂಡಿತು. ವೋಟಿನಲ್ಲಿ ಚಾಂಪಿಯನ್ನೂ ಆಯಿತು. ಕೋಚ್ ಆರಾ ಪಾರ್ಸೀಗಿಯನ್ ಬದುಕಿರುವ ತನಕ ಅದಕ್ಕೆ ಬೈಸಿಕೊಂಡರು ಅನ್ನೋದು ಬೇರೆ. ಪಟ್ಟ ಮಾತ್ರ ಅವರ ಕಪಾಟಿನಲ್ಲೇ ಇದೆ.

ನಾನೇನು ಹೇಳುತ್ತೇನೆ ಅಂದರೆ, ಪ್ರಶ್ನೆ ಸರಿಯಾಗಿದೆ, ಕೇಳುವ ಜಾಗ ತಪ್ಪು. 31-30ರಲ್ಲಿ ಅಲ್ಲ, ಅದಕ್ಕೆ ಮುಂಚಿನ ಟಚ್‌ಡೌನಿನಲ್ಲಿ ಕೇಳಬೇಕು.

ಸ್ಕೋರ್ 31-23 ಇದ್ದ ಗಳಿಗೆಗೆ ಬನ್ನಿ. ಗೆಲ್ಲಲೇಬೇಕು ಅಂತಿದ್ದರೆ ಎರಡು ಪಾಯಿಂಟಿನ ಪ್ರಯತ್ನ ಒಂದಲ್ಲ ಒಂದು ಕಡೆ ಮಾಡಲೇಬೇಕು. ಅದನ್ನು ಆಗಲೇ ಮಾಡಿದ್ದರೆ? ದಕ್ಕಿದ್ದರೆ 31-25. ಆಮೇಲೆ ಸ್ಮಿತ್ ಓಡಿದಾಗ 31-31, ಒಂದು ಸಾದಾ ಒದೆತ, 32-31, ಗೆದ್ದಾಯಿತು. ದಕ್ಕದಿದ್ದರೆ 31-23ರಲ್ಲೇ ನಿಲ್ಲುತ್ತದೆ. ಕೊನೆಯ ಟಚ್‌ಡೌನಿಗೆ 31-29, ಆಗ ಇನ್ನೊಂದು ಸಲ ಎರಡಕ್ಕೆ ಹೋಗಿ ದಕ್ಕಿದರೆ ಅದೇ ಡ್ರಾ, ಅದೇ ವೋಟು. ಎರಡಕ್ಕೆ ಹೋಗುವುದು ಟಾಸ್ ಇದ್ದಂತೆ, ಅರ್ಧಕ್ಕರ್ಧ ಅಂತಿಟ್ಟುಕೊಳ್ಳಿ. ಈ ದಾರಿಯಲ್ಲಿ ನಾಲ್ಕು ಸಲಕ್ಕೆ ಎರಡು ಗೆಲುವು, ಒಂದು ಡ್ರಾ, ಒಂದು ಸೋಲು. ಆಸ್ಬೋರ್ನ್ ಹಿಡಿದ ದಾರಿಯಲ್ಲಿ ನಾಲ್ಕಕ್ಕೆ ಎರಡು ಗೆಲುವು, ಎರಡು ಸೋಲು. ಮರ್ಯಾದೆಯೂ ಉಳಿಯುತ್ತಿತ್ತು, ಒಂದು ಸೋಲು ಪುಕ್ಕಟೆಯಾಗಿ ಡ್ರಾ ಆಗುತ್ತಿತ್ತು. ಈಗಿನ ಕೋಚ್‌ಗಳು 14 ಹಿಂದೆ ಬಿದ್ದು ಮೊದಲ ಟಚ್‌ಡೌನ್ ಮಾಡಿದಾಗಲೇ ಎರಡಕ್ಕೆ ಹೋಗುವುದು ಅಪರೂಪವಲ್ಲ, ಕಾರಣ ಇದೇ ಲೆಕ್ಕ. 1984ರಲ್ಲಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ ಬಿಡಿ. ಮೊದಲು ಖಚಿತವಾದದ್ದನ್ನು ತಗೋ, ಕಷ್ಟದ್ದನ್ನು ಕೊನೆಗೆ ನೋಡೋಣ ಅನ್ನೋದು ಮನುಷ್ಯನ ಬುದ್ಧಿ. ಕಷ್ಟದ್ದನ್ನು ಮೊದಲು ಮಾಡಿದರೆ ಎಡವಿದ್ದನ್ನು ಸರಿಮಾಡಲು ಸಮಯ ಉಳಿಯುತ್ತದೆ.

ಇದನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು ಪಕ್ಕದ ಮನೆ ಅಜ್ಜನಿಗೆ ತೋರಿಸಿದೆ. ಆ ಪತ್ರಿಕೆಯ ಪುಟ ಕೊಟ್ಟವರು ಅವರೇ, ನಿವೃತ್ತ ಮೇಷ್ಟ್ರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನೀನು ಇಂಜಿನಿಯರ್," ಅಂದರು. ಹೊಗಳಿಕೆಯಲ್ಲ. 31-23ರಲ್ಲಿ ಎರಡಕ್ಕೆ ಹೋಗಿ ತಪ್ಪಿದ್ದರೆ ಹುಡುಗರ ಎದೆಯೇ ಒಡೆಯುತ್ತಿತ್ತು, ಆಮೇಲೆ ಸ್ಮಿತ್ ಓಡುತ್ತಿದ್ದನೋ ಇಲ್ಲವೋ, ಅದನ್ನು ಚೀಟಿಯಲ್ಲಿ ಎಲ್ಲಿ ಬರೆದಿದ್ದೀಯ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕ್ರಿಕೆಟ್ಟಿನವರಿಗೆ ಇನ್ನೊಂದು ಮಾತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ರಣಜಿ ಫೈನಲ್, ಮುಂಬೈ ಎದುರು ನಾವು 338 ಬೆನ್ನಟ್ಟಿ 331ಕ್ಕೆ ಆಲೌಟ್. ಮನೀಶ್ ಪಾಂಡೆ 144 ಹೊಡೆದಿದ್ದ. ನಾನು ಅಂದು ಅಲ್ಲೇ ಬಿಸಿಲಲ್ಲಿ ನಿಂತಿದ್ದೆ. ಆ 6 ರನ್ ಸೋಲಿಗೆ ಯಾರೂ "ಡ್ರಾ ಮಾಡ್ಕೊಬಾರದಿತ್ತಾ" ಅಂತ ಕೇಳುವುದಿಲ್ಲ, ಯಾಕೆಂದರೆ ಮೊದಲ ಇನಿಂಗ್ಸ್ ಮುನ್ನಡೆ ಮುಂಬೈಯದ್ದು, ಡ್ರಾ ಆದರೂ ಕಪ್ ಅವರದ್ದೇ. ಆಯ್ಕೆಯೇ ಇಲ್ಲದ ಸೋಲು ಬೇಗ ಆರುತ್ತದೆ. ಆಸ್ಬೋರ್ನ್‌ಗೆ ಆಯ್ಕೆ ಇತ್ತು, ಅದಕ್ಕೇ ಆ ಪುಟ ಇನ್ನೂ ಗೋಡೆ ಮೇಲಿದೆ.

ಮುಂದೇನಾಯಿತು ಅಂತಲೂ ಹೇಳಬೇಕು, ಇಲ್ಲದಿದ್ದರೆ ಭಾವ ಊಟಕ್ಕೆ ಏಳುವುದಿಲ್ಲ. ಸರಿಯಾಗಿ ಹತ್ತು ವರ್ಷಕ್ಕೆ, 1994ರ ಜನವರಿ 1ರಂದು, ಅದೇ ಆರೆಂಜ್ ಬೌಲ್‌ನಲ್ಲಿ ನೆಬ್ರಾಸ್ಕಾ ಮತ್ತೆ ಸೋತಿತು. ಫ್ಲೋರಿಡಾ ಸ್ಟೇಟ್ 18, ನೆಬ್ರಾಸ್ಕಾ 16. ಒಂದು ನಿಮಿಷ 16 ಸೆಕೆಂಡ್ ಇರುವಾಗ ಇವರೇ 16-15 ಮುಂದಿದ್ದರು. ಅಲ್ಲಿಂದ ಹಿಂದೆ ಬಿದ್ದು, ಕೊನೇ ಒಂದು ಸೆಕೆಂಡಿನಲ್ಲಿ ಬೈರನ್ ಬೆನೆಟ್ 45 ಗಜದಿಂದ 3 ಪಾಯಿಂಟಿಗೆ ಒದ್ದ ಚೆಂಡು ಕಂಬದ ಎಡಕ್ಕೆ ಹೋಯಿತು. ಆ ವರ್ಷ ಹುಡುಗರು ಕಸರತ್ತಿಗೆ ಬಂದಾಗಲೆಲ್ಲ ಸ್ಟೇಡಿಯಂನ ಸ್ಕೋರ್‌ಬೋರ್ಡಿನಲ್ಲಿ 1:16 ಅಂತ ಹಚ್ಚಿಟ್ಟಿರುತ್ತಿದ್ದರು. ಬೇರೆ ಭಾಷಣ ಬೇಕಿರಲಿಲ್ಲ.

1995ರ ಜನವರಿ 1. ಅದೇ ಮೈದಾನ, ಎದುರಿಗೆ ಅದೇ ಮಯಾಮಿ. ಕೊನೇ ಕ್ವಾರ್ಟರಿನಲ್ಲಿ 17-9 ಹಿಂದೆ. ಕೋರಿ ಶ್ಲೆಸಿಂಜರ್ ಗೆರೆ ದಾಟಿದ, 17-15. ಈ ಸಲ ಎರಡಕ್ಕೆ ಹೋಗದೆ ವಿಧಿಯಿರಲಿಲ್ಲ. ಟಾಮಿ ಫ್ರೇಜಿಯರ್ ಎಸೆದ ಪಾಸನ್ನು ಎರಿಕ್ ಆಲ್ಫರ್ಡ್ ಹಿಡಿದ. ನಡುವೆ ಯಾರ ಬೆರಳೂ ಬರಲಿಲ್ಲ. 17-17. ಶ್ಲೆಸಿಂಜರ್ ಇನ್ನೊಮ್ಮೆ ದಾಟಿದ, 24-17. ಆಸ್ಬೋರ್ನ್‌ಗೆ ಅದು 22ನೇ ಸೀಸನ್, ಮೊದಲ ಪಟ್ಟ. ಆಮೇಲೆ ಇನ್ನೆರಡು ಬಂದವು.

ಆ ಪುಟಕ್ಕೂ ಚೌಕಟ್ಟು ಹಾಕಿಸಬಹುದಿತ್ತಲ್ಲ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅಜ್ಜ ಅದನ್ನು ಇಟ್ಟುಕೊಂಡಿಲ್ಲ, ನಾನೇನು ಮಾಡಲಿ.

ಹೋದ ಸಲ ಕೆಲಸದ ಮೇಲೆ ಮಯಾಮಿಗೆ ಹೋಗಿದ್ದೆ. ಆ ಸ್ಟೇಡಿಯಂ ಈಗಿಲ್ಲ, 2008ರಲ್ಲಿ ಕೆಡವಿದರು. ಅಲ್ಲಿ ಬೇಸ್‌ಬಾಲ್ ಸ್ಟೇಡಿಯಂ ಎದ್ದಿದೆ. ಹೊರಗಡೆ ಹಳೇ ಬೋರ್ಡಿನ ನೆನಪಿಗೆ ಕಿತ್ತಳೆ ಬಣ್ಣದ ಆಳೆತ್ತರದ ಅಕ್ಷರಗಳನ್ನು ಚೆಲ್ಲಾಪಿಲ್ಲಿಯಾಗಿ, ಅರ್ಧ ನೆಲದಲ್ಲಿ ಹೂತಂತೆ ನಿಲ್ಲಿಸಿದ್ದಾರೆ. ಒಂದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಅಜ್ಜನಿಗೆ ಕಳಿಸಿದೆ. ಇದೇ ಜಾಗ, ಅಂತ ಬರೆದೆ. ಐದು ನಿಮಿಷ ಬಿಟ್ಟು ಉತ್ತರ ಬಂತು:

"ಗಿಲ್ ಎಸೆದಿದ್ದು ಯಾವ ತುದಿಯಲ್ಲಿ?"